ಮೂವತ್ತೈದನೇ ಸೆಕೆಂಡಿನ ಫೋಟೋ

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಾಗ ಮತ್ತೆ ಅದೇ ಮಾತು. "ರೇಡಿಯಾಲಜಿಸ್ಟುಗಳ ಕಥೆ ಮುಗೀತು ಗುರೂ, ಸ್ಕ್ಯಾನ್ ಅಪ್‌ಲೋಡ್ ಮಾಡಿದ್ರೆ ಎಐ ಲಿವರ್ ಕ್ಯಾನ್ಸರ್ ಹಿಡಿದು ಕೊಡುತ್ತೆ!" ಹೇಳಿದವನು ನಮ್ಮ ಟೀಮಿನವನೇ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. 2016ರಲ್ಲಿ ಜೆಫ್ರಿ ಹಿಂಟನ್ ಅಂಥವರೇ ರೇಡಿಯಾಲಜಿಸ್ಟುಗಳಿಗೆ ತರಬೇತಿ ಕೊಡೋದನ್ನು ಈಗಲೇ ನಿಲ್ಲಿಸಿ ಅಂದಿದ್ದರು. ಐದು ವರ್ಷ, ಹೆಚ್ಚೆಂದರೆ ಹತ್ತು ಅನ್ನೋ ಲೆಕ್ಕ. ಅವರಿಗೆ 2024ರಲ್ಲಿ ನೊಬೆಲ್ ಬಂತು, ರೇಡಿಯಾಲಜಿಸ್ಟುಗಳು ಇನ್ನೂ ಕತ್ತಲೆ ಕೋಣೆಯಲ್ಲಿ ಕೂತು ರಿಪೋರ್ಟ್ ಬರೀತಾನೇ ಇದ್ದಾರೆ :)

ನಾನೂ ಕೋಡ್ ಬರೆದೇ ಹೊಟ್ಟೆ ಹೊರೆಯೋನು, ಎಐ ದ್ವೇಷಿ ಅಲ್ಲ. ನನ್ನ ಸಿಟ್ಟಿಗೆ ಕಾರಣ ನಮ್ಮ ಸೋದರಮಾವ.

ಮಾವನಿಗೆ ಹೆಪಟೈಟಿಸ್ ಬಿ ಇರೋದು ಒಂದು ರಕ್ತದಾನ ಶಿಬಿರದಿಂದ ಗೊತ್ತಾಗಿತ್ತು. ಆಮೇಲೆ ಹನ್ನೊಂದು ವರ್ಷ "ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸ್ತಾ ಇರಿ" ಅಂತ ಒಬ್ಬರೂ ಹೇಳಲಿಲ್ಲ. ಹೊಟ್ಟೆನೋವು ಅಂತ ಹೋದಾಗ ಲಿವರಿನಲ್ಲಿ ಗಡ್ಡೆ ಕಾಣಿಸ್ತು. ಊರಿನ ಸೆಂಟರೊಂದರಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ ಬೆಂಗಳೂರಿಗೆ ತಂದರೆ ಡಾಕ್ಟರು ಫಿಲ್ಮ್ ನೋಡಿ, "ಆರ್ಟೀರಿಯಲ್ ಫೇಸೇ ಇಲ್ವಲ್ಲ ಇದರಲ್ಲಿ, ಮತ್ತೆ ಮಾಡಿಸಿ" ಅಂದರು. ಮತ್ತೆ ದುಡ್ಡು, ಮತ್ತೆ ರೇಡಿಯೇಷನ್, ಮತ್ತೆ ಎರಡು ವಾರ.

ಆಗ ಕೂತು ಓದಿಕೊಂಡಿದ್ದು ಇಷ್ಟು. ಲಿವರಿಗೆ ರಕ್ತ ಎರಡು ಕಡೆಯಿಂದ ಬರುತ್ತೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ವೇನ್ ಮೂಲಕ, ಉಳಿದಿದ್ದು ಹೆಪಾಟಿಕ್ ಆರ್ಟರಿಯಿಂದ. ಲಿವರಿನಲ್ಲೇ ಹುಟ್ಟುವ ಸಾಮಾನ್ಯ ಕ್ಯಾನ್ಸರ್ ಹೆಪಟೋಸೆಲ್ಯುಲಾರ್ ಕಾರ್ಸಿನೋಮ ಬೆಳೀತಾ ಬೆಳೀತಾ ಆರ್ಟರಿಯ ರಕ್ತವನ್ನೇ ಹೀರುತ್ತೆ. ಹಾಗಾಗಿ ಕೈಗೆ ಡೈ ಚುಚ್ಚಿ ಸುಮಾರು 35 ಸೆಕೆಂಡಿಗೆ ತೆಗೆದ ಚಿತ್ರದಲ್ಲಿ ಗಡ್ಡೆ ಬೆಳ್ಳಗೆ ಹೊಳೆಯುತ್ತೆ. ಒಂದು ನಿಮಿಷ ದಾಟಿದ ಮೇಲೆ ಸುತ್ತಲಿನ ಲಿವರ್ ಬೆಳಗುತ್ತೆ, ಗಡ್ಡೆ ಕಪ್ಪಾಗುತ್ತೆ. ಮೂರು ನಿಮಿಷದ ಹೊತ್ತಿಗೆ ಇನ್ನೊಂದು ಚಿತ್ರ. ಸಿರೋಸಿಸ್ ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ, ಗಡ್ಡೆ ಒಂದು ಸೆಂಟಿಮೀಟರಿಗಿಂತ ದೊಡ್ಡದಿದ್ದು ಹೀಗೆ ಹೊಳೆದು ಆರಿದರೆ, ಬಯಾಪ್ಸಿ ಇಲ್ಲದೆಯೇ ಕ್ಯಾನ್ಸರ್ ಅಂತ ಹೇಳಬಹುದು. ಲೈ-ರಾಡ್ಸ್ ಅನ್ನೋ ಪದ್ಧತಿಯಲ್ಲಿ ಅದಕ್ಕೆ ಎಲ್ಆರ್-5 ಅಂತ ಹೆಸರು. ಹೆಚ್ಚಿನ ಕ್ಯಾನ್ಸರುಗಳಲ್ಲಿ ಸೂಜಿ ಮಾಡೋ ಕೆಲಸವನ್ನು ಇಲ್ಲಿ ಚಿತ್ರವೇ ಮಾಡುತ್ತೆ. (ಲಿವರ್ ಗಟ್ಟಿಮುಟ್ಟಾಗಿರೋರಿಗೆ ಈ ಲೆಕ್ಕ ಅನ್ವಯಿಸಲ್ಲ, ಚೆಕಪ್ ರಿಪೋರ್ಟ್ ಹಿಡಿದು ಗಾಬರಿ ಆಗಬೇಡಿ.)

ಈಗ ಹೇಳಿ ಸ್ವಾಮಿ, ಆ 35ನೇ ಸೆಕೆಂಡಿನ ಚಿತ್ರ ತೆಗೆದೇ ಇಲ್ಲ ಅಂದ್ರೆ ನಿಮ್ಮ ನ್ಯೂರಲ್ ನೆಟ್‌ವರ್ಕ್ ಏನು ಓದುತ್ತೆ? ಗಡ್ಡೆಯ ಗಡಿ ಗುರುತಿಸೋ ಮಾಡೆಲ್ಲುಗಳು ಚೆನ್ನಾಗಿಯೇ ಇವೆ. 2017ರ ಲಿಟ್ಸ್ ಸ್ಪರ್ಧೆಯಲ್ಲಿ ಕಲಿಸೋಕೆ ಕೊಟ್ಟಿದ್ದು 131 ಸಿಟಿ ಸ್ಕ್ಯಾನ್, ಅದರ ಮೇಲೆ ಎಷ್ಟೋ ಪೇಪರುಗಳು ಬಂದವು. ಆದರೆ ಗಡಿ ಗೀಚೋದು ಬೇರೆ, ಗಡ್ಡೆ ಏನು ಅಂತ ಹೇಳೋದು ಬೇರೆ. ಇಲ್ಲದ ಡೇಟಾದಿಂದ ಉತ್ತರ ಹೊರಡಿಸಿದರೆ ಅದಕ್ಕೆ ನಮ್ಮ ಕೋಡ್ ರಿವ್ಯೂನಲ್ಲಿ ಏನಂತಾರೋ ನಿಮಗೇ ಗೊತ್ತು.

ಅದಕ್ಕಿಂತ ಮೊದಲಿನ ಕೆಲಸ ಇನ್ನೂ ಸಣ್ಣದು. ಅಪಾಯ ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಅಂತ ದಶಕಗಳಿಂದ ಗೊತ್ತಿರೋ ವಿಷಯ. ಸಾಫ್ಟ್‌ವೇರ್ ಭಾಷೆಯಲ್ಲಿ ಅದೊಂದು ಕ್ರಾನ್ ಜಾಬ್! ಒಂದು ಟೇಬಲ್, ಒಂದು ತಾರೀಖು, ಒಂದು ಎಸ್ಸೆಮ್ಮೆಸ್. ಕಾರಿನ ಸರ್ವೀಸಿಗೆ, ಇನ್ಶೂರೆನ್ಸ್ ಕಂತಿಗೆ ದಿನಕ್ಕೆರಡು ಸಲ ಮೆಸೇಜ್ ಕಳಿಸೋ ನಮಗೆ ಇದನ್ನು ಬರೆಯೋಕೆ ಒಂದು ಮಧ್ಯಾಹ್ನ ಸಾಕು. ಆದ್ರೆ ಅದನ್ನು ಡೆಮೋ ಮಾಡಿದ್ರೆ ಯಾರೂ ಚಪ್ಪಾಳೆ ತಟ್ಟಲ್ಲ ನೋಡಿ.

ಎರಡನೇ ಸ್ಕ್ಯಾನಿನಲ್ಲಿ ಮಾವನ ಗಡ್ಡೆ ಹೊಳೆದು ಆರಿತು. 4 ಸೆಂಟಿಮೀಟರ್. ಆಪರೇಷನ್ ಆಗಿದೆ, ಮೊನ್ನೆ ತೋಟಕ್ಕೂ ಹೋಗಿ ಬಂದರಂತೆ. ಅವರ ಮುಂದಿನ ಸ್ಕ್ಯಾನಿನ ತಾರೀಖು ಸದ್ಯಕ್ಕೆ ನನ್ನ ಫೋನಿನ ಅಲಾರಂನಲ್ಲಿದೆ. ಟೀಮಿನ ಗೆಳೆಯ ಇದನ್ನು ಓದ್ತಾನೆ ಅಂತ ಗೊತ್ತು, ಬೈಯೋದಿದ್ರೆ ಕಾಮೆಂಟಿನಲ್ಲೇ ಬೈಯಲಿ.