ತಲೆ ಎಣಿಸುವ ಜಾಗ ರಾಜಭವನವಲ್ಲ

ದೇಶದ ಯಾವುದೇ ಮೂಲೆಯಲ್ಲಿ ರಾಜ್ಯ ಸರ್ಕಾರವನ್ನು ವಜಾ ಮಾಡಿದ ತಕರಾರು ಕೋರ್ಟು ಮೆಟ್ಟಿಲೇರಲಿ, ಮೊದಲು ಕೇಳಿಬರುವುದು ಹಾವೇರಿ ಸೀಮೆಯವರ ಹೆಸರು: ಎಸ್.ಆರ್. ಬೊಮ್ಮಾಯಿ. ವಕೀಲರಿಗೆ ಬಾಯಿಪಾಠವಾಗಿರುವ ಅವರ ಹೆಸರಿನ ಪ್ರಕರಣ ಅವರ ತವರಿನ ಮತದಾರರಿಗೂ ತಿಳಿಯಬೇಕು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲಿ ಅದನ್ನು ಪೂರ್ತಿಯಾಗಿ, ಅದರ ಕೊರತೆಯನ್ನೂ ಬಿಡದೆ, ಪಾಠ ಮಾಡಬೇಕೆಂಬುದೇ ಈ ಕರಪತ್ರದ ಬೇಡಿಕೆ.

ಬೊಮ್ಮಾಯಿ ಹುಟ್ಟಿದ್ದು 1924ರ ಜೂನ್ 6ರಂದು, ಕಾರಡಗಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆ. ಹುಬ್ಬಳ್ಳಿಯಲ್ಲಿ ವಕೀಲಿ ಮಾಡುತ್ತಲೇ ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳಿಗೆ ಒಲಿದರು. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಮಂತ್ರಿಯಾಗಿ, 1988ರ ಆಗಸ್ಟ್ 13ರಂದು ಮುಖ್ಯಮಂತ್ರಿಯಾದರು.

ಕುರ್ಚಿ ಎಂಟೇ ತಿಂಗಳಿಗೆ ಅಲುಗಾಡಿತು. 1989ರ ಏಪ್ರಿಲ್‌ನಲ್ಲಿ ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ಬಿಟ್ಟು, ಬೆಂಬಲ ಹಿಂತೆಗೆದಿದ್ದೇವೆ ಎನ್ನುವ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗಿತ್ತರು. ಒಂದೆರಡು ದಿನಗಳಲ್ಲೇ ಅವರಲ್ಲಿ ಏಳು ಮಂದಿ ‘ನಮ್ಮ ದಾರಿ ತಪ್ಪಿಸಿ ಸಹಿ ಪಡೆದಿದ್ದಾರೆ’ ಎಂದು ತಿರುಗಿ ಬರೆದರು. ಏಪ್ರಿಲ್ 27ಕ್ಕೆ ಅಧಿವೇಶನ ಕರೆದು ಬಹುಮತ ತೋರಿಸುತ್ತೇವೆಂದು ಸಂಪುಟ ನಿರ್ಧರಿಸಿತು. ರಾಜ್ಯಪಾಲರು ಕಾಯಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಕಾಟಾ ಹತ್ತುವ ಮೊದಲೇ ಯಾರಾದರೂ ತೂಕ ಬರೆದುಕೊಂಡರೆ ರೈತ ಸುಮ್ಮನಿರುತ್ತಾನೆಯೇ?

ಬೊಮ್ಮಾಯಿಯವರೂ ಸುಮ್ಮನಿರಲಿಲ್ಲ. ಹೈಕೋರ್ಟು ಅರ್ಜಿ ವಜಾ ಮಾಡಿದರೂ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದಲ್ಲಿ ಮಾಡಿದ್ದು ಸಂವಿಧಾನಬಾಹಿರ ಎಂದೂ ಹೇಳಿತು. ಅಷ್ಟರಲ್ಲಿ ಹೊಸ ಚುನಾವಣೆಯೇ ಮುಗಿದುಹೋಗಿತ್ತು. ಮೊಕದ್ದಮೆ ಗೆದ್ದವರಿಗೆ ಕುರ್ಚಿ ಸಿಗಲಿಲ್ಲ; ಬಂದ ಲಾಭವೆಲ್ಲ ಮುಂದಿನವರದು.

ಇನ್ನು ಕೊರತೆಯ ಮಾತು. ರಾಜಭವನದ ಆತುರಕ್ಕೆ ತೀರ್ಪು ಕಡಿವಾಣ ಹಾಕಿತು, ಶಾಸಕರ ಜಿಗಿತಕ್ಕೆ ಹಾಕಲಿಲ್ಲ. ರಾಣೇಬೆನ್ನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಜನವರಿಯಲ್ಲಿ ಅವರ ಶಾಸಕ ಆರ್. ಶಂಕರ್ ಕುಮಾರಸ್ವಾಮಿ ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂದಕ್ಕೆ ಪಡೆದರು, ಜೂನ್‌ನಲ್ಲಿ ಅದೇ ಸರ್ಕಾರದ ಮಂತ್ರಿಯಾದರು, ಜುಲೈನಲ್ಲಿ ಮಂತ್ರಿಗಿರಿಯನ್ನೂ ಬಿಟ್ಟರು. ಹಿರೇಕೆರೂರಿನ ಬಿ.ಸಿ. ಪಾಟೀಲರೂ ರಾಜೀನಾಮೆ ಕೊಟ್ಟರು. ಜುಲೈ 23ರಂದು ಸದನದಲ್ಲೇ, ಬೊಮ್ಮಾಯಿ ತೀರ್ಪು ಹೇಳಿದ ಹಾಗೆಯೇ, ಎಣಿಕೆ ನಡೆದು 99ಕ್ಕೆ 105ರಲ್ಲಿ ಸರ್ಕಾರ ಬಿತ್ತು. ಡಿಸೆಂಬರ್‌ನಲ್ಲಿ ಎರಡೂ ಕ್ಷೇತ್ರಗಳು ಮತ್ತೆ ಮತಗಟ್ಟೆಗೆ ಹೋದವು. ಬಿದ್ದ ಸರ್ಕಾರದ ಜಾಗಕ್ಕೆ ಬಂದ ಸರ್ಕಾರದಲ್ಲೇ 2021ರಲ್ಲಿ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದರು ಎಂಬುದನ್ನೂ ಪಾಠದಲ್ಲಿ ಮುಚ್ಚಿಡಬೇಕಿಲ್ಲ.

ಆದ್ದರಿಂದ ಪ್ರತಿ ಮಾರ್ಚ್ 11ಕ್ಕೆ ಈ ಮೂರು ಊರುಗಳ ಕಾಲೇಜುಗಳಲ್ಲಿ 1989 ಮತ್ತು 2019ರ ಎರಡೂ ಪ್ರಸಂಗಗಳನ್ನಿಟ್ಟುಕೊಂಡು ಅಣಕು ವಿಧಾನಸಭೆ ನಡೆಯಲಿ. ಮತ ಕೇಳಿಕೊಂಡು ಬರುವ ಅಭ್ಯರ್ಥಿಗಳನ್ನೂ ಅಲ್ಲಿಗೆ ಕರೆದು, ಬೆಂಬಲ ಹಿಂತೆಗೆಯುವ ಮೊದಲು ಕ್ಷೇತ್ರದವರನ್ನು ಕೇಳುತ್ತೀರಾ ಎಂದು ವಿದ್ಯಾರ್ಥಿಗಳೇ ಮೈಕಿನ ಮುಂದೆ ನಿಲ್ಲಿಸಿ ಕೇಳಲಿ.