ಆನೆಕಾಲಿಗೆ ಕೂಡುಚಿಕಿತ್ಸೆ, ಅದಕ್ಕೊಂದು ಅಳತೆ



ಕೆಲವು ವರ್ಷಗಳ ಹಿಂದೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ದಾಸೋಹದ ಪಂಕ್ತಿಯಿಂದ ದೂರ ಗೋಡೆಗೊರಗಿ ಕುಳಿತಿದ್ದ ಹಿರಿಯ ತಾಯಿಯೊಬ್ಬರನ್ನು ನಾವು ಪ್ರಸಾದಕ್ಕೆ ಕರೆದೆವು. “ಕಾಲು ಮಡಚಿ ಕೂಡಲಾಕ ಬರಲ್ರಿ ಅಪ್ಪೋರೆ. ನಾಕು ಮಂದಿ ಮುಂದ ಕಾಲು ಚಾಚಲಾಕ ನಾಚಿಕಿ ಬರ್ತದ” ಎಂದರು. ಅದು ಆನೆಕಾಲು. ವೈದ್ಯರು ಎಣ್ಣೆ ಕೊಟ್ಟು ಮಾತ್ರೆ ಬೇಡವೆಂದಿದ್ದರಂತೆ. ಡಾಕ್ಟರರು ಮಾತ್ರೆ ಕೊಟ್ಟು ಎಣ್ಣೆ ಎಸೆಯಿರೆಂದಿದ್ದರಂತೆ. ಇಬ್ಬರ ನಡುವೆ ಕಾಲು ದಪ್ಪವಾಗುತ್ತಲೇ ಹೋಯಿತು.

ಬೀದರ, ಕಲಬುರಗಿ, ಯಾದಗಿರಿ ಸೀಮೆಗೆ ಈ ರೋಗ ಹೊಸದಲ್ಲ. ಇದನ್ನು ಪೂರ್ವಜನ್ಮದ ಕರ್ಮವೆನ್ನುವವರು ಇಂದಿಗೂ ಇದ್ದಾರೆ. ಕರ್ಮವಲ್ಲ; ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ತಂದುಬಿಡುವ ಹುಳು. ಅದು ದೇಹದ ದುಗ್ಧನಾಳಗಳನ್ನು ಕೆಡಿಸುತ್ತದೆ. ಸರಕಾರ ಹಂಚುವ ಮಾತ್ರೆಗಳು ರಕ್ತದಲ್ಲಿನ ಮರಿಹುಳುಗಳನ್ನು ಅಳಿಸಿ ರೋಗ ಹರಡುವುದನ್ನು ತಡೆಯುತ್ತವೆ. ಅವನ್ನು ತಪ್ಪದೆ ನುಂಗಬೇಕು. ಆದರೆ ಈಗಾಗಲೇ ಬಂದ ಬಾವು ಅವುಗಳಿಂದ ಇಳಿಯದು. ಬೆರಳುಸಂದಿಯ ಬಿರುಕಿನಿಂದ ಸೋಂಕು ಒಳಹೊಕ್ಕು ಚಳಿಜ್ವರ ಬಂದಾಗಲೆಲ್ಲ ಬಾವು ಇನ್ನಷ್ಟು ಬಲಿಯುತ್ತದೆ.

ಕನ್ನಡಿಗರೂ ಇರುವ ಗಡಿನಾಡು ಕಾಸರಗೋಡಿನಲ್ಲಿ, 1999ರಲ್ಲಿ ಚರ್ಮರೋಗತಜ್ಞ ಡಾ. ಎಸ್.ಆರ್. ನರಹರಿಯವರು ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿ ಆಧುನಿಕ ವೈದ್ಯರೂ ಆಯುರ್ವೇದ ವೈದ್ಯರೂ ಕೂಡಿ ಒಬ್ಬ ರೋಗಿಗೆ ಚಿಕಿತ್ಸೆ ನಿರ್ಣಯಿಸುತ್ತಾರೆ. ಸುಶ್ರುತ ಸಂಹಿತೆಯ ‘ಶ್ಲೀಪದ’ವನ್ನೂ ಇಂದಿನ ಚರ್ಮವಿಜ್ಞಾನವನ್ನೂ ಎದುರುಬದುರಾಗಿ ನಿಲ್ಲಿಸುವುದಿಲ್ಲ. ಸಾಬೂನಿನಿಂದ ತೊಳೆದು ಒರೆಸುವುದು, ಮೂಲಿಕೆಗಳ ನೀರಿನಲ್ಲಿ ಕಾಲು ನೆನೆಸುವುದು, ಯೋಗ ಮತ್ತು ಉಸಿರಾಟದ ಅಭ್ಯಾಸ, ಎಣ್ಣೆ ನೀವುವುದು, ಕೊನೆಗೆ ಬಿಗಿಯಾದ ಪಟ್ಟಿ ಸುತ್ತುವುದು. ಬಿರುಕಿಗೂ ಸೋಂಕಿಗೂ ಆಧುನಿಕ ಔಷಧ.

ಇಷ್ಟೇ ಆಗಿದ್ದರೆ ನಾವು ಈ ಅಂಕಣದಲ್ಲಿ ಬರೆಯುತ್ತಿರಲಿಲ್ಲ. ಎಲ್ಲವನ್ನೂ ಬೆರೆಸಿ ‘ಗುಣವಾಯಿತು’ ಎಂದು ಸಾರುವವರು ಜಾತ್ರೆಗೊಬ್ಬರಂತೆ ಸಿಗುತ್ತಾರೆ. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು, ವೈದ್ಯವೂ ಕಾಯಕವಾಗಿತ್ತು. ಕಾಯಕವೆಂದ ಮೇಲೆ ಲೆಕ್ಕ ಒಪ್ಪಿಸಬೇಕು. ಕಾಸರಗೋಡಿನವರು ಲೆಕ್ಕ ಇಟ್ಟರು: ಕಾಲಿನ ಸುತ್ತಳತೆ ಎಷ್ಟು ಇಳಿಯಿತು, ಜ್ವರ ಎಷ್ಟು ಸಲ ಬಂದಿತು. ಟೇಪಿಗೆ ಸಿಕ್ಕದ್ದೂ ಉಂಟಲ್ಲವೇ? ಆ ತಾಯಿಯ ನಾಚಿಕೆಯನ್ನು ಯಾವ ಅಂಗುಲದಲ್ಲಿ ಅಳೆಯುವುದು? ಅದಕ್ಕಾಗಿ, ಈ ರೋಗದವರ ಬಾಳು ಹೇಗೆ ಸಾಗಿದೆಯೆಂದು ತಿಳಿಯುವ ಪ್ರಶ್ನಾವಳಿಯನ್ನೂ ಅವರು ರೂಪಿಸಿದರು. ಇದು ನಮಗೆ ಬಹಳ ಹಿಡಿಸಿತು.

ಈ ಚಿಕಿತ್ಸೆಯನ್ನು ಅವರು ಕೇರಳದ ಆಲಪ್ಪುಳ ಹಾಗೂ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಜನರ ನಡುವೆಯೂ ನಡೆಸಿ 2013ರಲ್ಲಿ ಫಲವನ್ನು ಪ್ರಕಟಿಸಿದರು. ಬಾವು ಇಳಿದಿತ್ತು, ಜ್ವರದ ಸರದಿ ಕಡಿಮೆಯಾಗಿತ್ತು. ಆದರೆ ರೋಗಿಗಳನ್ನು ಚೀಟಿಯೆತ್ತಿ ಗುಂಪುಗಳಾಗಿ ವಿಂಗಡಿಸಿ ಹೋಲಿಸಿದ ಪರೀಕ್ಷೆ ಅದಾಗಿರಲಿಲ್ಲ. ಗುಣದಲ್ಲಿ ಮೂಲಿಕೆಯ ಪಾಲೆಷ್ಟು, ಬರಿಯ ಸಾಬೂನು-ನೀರಿನ ಪಾಲೆಷ್ಟು ಎಂಬುದು ಅದರಿಂದ ಬಗೆಹರಿಯದು. ಆಯುರ್ವೇದದ ಅಭಿಮಾನಿಗಳಾದ ನಮಗೂ ಇದನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಮನೆಯಲ್ಲಿ ಇಂಥವರಿದ್ದರೆ ಒಂದು ನೋಟುಪುಸ್ತಕ ಇಡಿರಿ. ಸಂಜೆಗೆ ಬಾವು ಏರುವುದರಿಂದ ಬೆಳಿಗ್ಗೆಯೇ, ಹಿಮ್ಮಡಿಯಿಂದ ಅಷ್ಟೇ ಎತ್ತರದಲ್ಲಿ ಪ್ರತಿಸಲವೂ ಟೇಪು ಹಿಡಿದು ಬರೆಯಿರಿ. ಜ್ವರ ಬಂದ ದಿನ, ಕೆಲಸ ತಪ್ಪಿದ ದಿನ, ಕೊಂಡ ಔಷಧ ಎಲ್ಲವೂ ಅದರಲ್ಲಿರಲಿ. ವೈದ್ಯರಿಗೂ ಡಾಕ್ಟರರಿಗೂ ಅದೇ ಪುಸ್ತಕ ತೋರಿಸಿರಿ.

ಆ ತಾಯಿಯ ಮೊಮ್ಮಗಳು ಹೀಗೆಯೇ ಪುಸ್ತಕ ಇಟ್ಟಳು. ಮರುವರ್ಷದ ಜಾತ್ರೆಯಲ್ಲಿ ಅದನ್ನು ನಮಗೆ ತಂದು ತೋರಿಸಿದಳು. ಮೀನಖಂಡದ ಅಳತೆ ಎರಡು ಅಂಗುಲ ಇಳಿದಿತ್ತು. ಜ್ವರ ಮಾತ್ರ ಮಳೆಗಾಲದಲ್ಲಿ ಎರಡು ಸಲ ಬಂದಿತ್ತು. ಅಜ್ಜಿ ಎಲ್ಲಿ ಎಂದು ಕೇಳಿದೆವು. “ಪಂಕ್ತಿಯಾಗ ಕುಂತಾರ್ರಿ, ಕಾಲು ಚಾಚಿ” ಎಂದಳು.