ಸಾಹಸವೂ ವಿವೇಕವೂ

ಈ ವರುಷ ದೀಪಾವಳಿಯ ಬಿಡುವು ಮುಗಿದೊಡನೆ ನಮ್ಮ ಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಒಂದು ಅರ್ಜಿಯನ್ನು ಬರೆದು ನಮ್ಮ ಮೇಜಿನ ಮೇಲಿಟ್ಟರು. ವರುಷ ವರುಷವೂ ಗೋಲಕೊಂಡೆಯ ಕೋಟೆ, ಸಾಲಾರಜಂಗ್ ವಸ್ತುಸಂಗ್ರಹಾಲಯ, ಮೃಗಾಲಯ ಇವನ್ನೇ ನೋಡಿ ಮರಳುವುದು ತಮಗೆ ಸಾಕಾಗಿದೆಯೆಂದೂ, ಒಂದು ದಿನದ ಮಟ್ಟಿಗಾದರೂ ಬಂಡೆ ಹತ್ತುವ, ಹಗ್ಗ ಹಿಡಿದು ಹಳ್ಳದ ಕೊರಕಲಿನಲ್ಲಿ ಇಳಿಯುವ, ರಬ್ಬರಿನ ತೆಪ್ಪದಲ್ಲಿ ಕುಳಿತು ಹೊಳೆಯ ಸೆಳವನ್ನು ದಾಟುವ ಸಾಹಸಯಾತ್ರೆಗೆ ತಮ್ಮನ್ನು ಕರೆದೊಯ್ಯಬೇಕೆಂದೂ ಅದರಲ್ಲಿ ಬರೆದಿತ್ತು. ಕೊನೆಯಲ್ಲಿ ‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆಯನ್ನೂ ಸೇರಿಸಿದ್ದರು. ಅರ್ಜಿಯಲ್ಲಿ ಕಾಗುಣಿತದ ತಪ್ಪುಗಳು ಏಳು ಇದ್ದುವು. ಆಸೆಯಲ್ಲಿ ನಮಗೆ ಒಂದು ತಪ್ಪೂ ಕಾಣಲಿಲ್ಲ.

ಆ ಮಾತನ್ನು ಪೋಷಕರ ಸಭೆಯಲ್ಲಿ ಎತ್ತಿದಾಗ ಒಬ್ಬ ತಾಯಿ ಎದ್ದು ನಿಂತು, “ಸರ್, ಹೊಟ್ಟಿ ಪಾಡಿಗೆ ಈ ಊರಿಗೆ ಬಂದೀವ್ರಿ. ಮಕ್ಕಳನ್ನ ಹೊಳಿಗೆ ಕೊಡಾಕಲ್ಲ” ಎಂದರು. ಸಭೆ ಮೌನವಾಯಿತು. ನಾವೂ ಅವರಂತೆಯೇ ಹೊಟ್ಟೆಪಾಡಿಗಾಗಿ ರಾಯಚೂರಿನ ಕಡೆಯಿಂದ ಈ ಲಿಂಗಂಪಲ್ಲಿಗೆ ಬಂದವರು. ಆ ತಾಯಿಯ ಮಾತಿಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಇಂದಿನವರೆಗೆ ಈ ವಿಷಯವನ್ನು ಕುರಿತು ನಾವು ಆಲೋಚಿಸಿದುದನ್ನು ವಿದ್ಯಾರ್ಥಿಗಳ ಮುಂದೆಯೂ ಅವರ ತಂದೆತಾಯಿಗಳ ಮುಂದೆಯೂ ಈ ಲೇಖನದಲ್ಲಿ ಇಡುತ್ತಿದ್ದೇವೆ.

ಮೊದಲು 2014ನೆಯ ಇಸವಿಯ ಬೇಸಿಗೆಯನ್ನು ನೆನೆಯೋಣ. ಆ ವರುಷ ಮೇ 25ರಂದು ನಿಜಾಮಾಬಾದು ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಮಾಲಾವತ್ ಪೂರ್ಣಾ ಎಂಬ ಬಾಲಿಕೆ ಎವರೆಸ್ಟ್ ಶಿಖರವನ್ನು ಏರಿ ನಿಂತಳು. ಆಕೆಗೆ ಆಗ ಹದಿನಾಲ್ಕು ತುಂಬಿರಲಿಲ್ಲ. ಆ ಶಿಖರವನ್ನೇರಿದ ಹುಡುಗಿಯರಲ್ಲಿ ಅತ್ಯಂತ ಕಿರಿಯಳೆಂಬ ಕೀರ್ತಿ ಆಕೆಗೆ ಸಂದಿತು. ಸಾಧನಪಲ್ಲಿ ಆನಂದಕುಮಾರ ಎಂಬ ಹುಡುಗನೂ ಅದೇ ದಂಡಿನಲ್ಲಿ ಶಿಖರವನ್ನು ಮುಟ್ಟಿದನು. ಇಬ್ಬರೂ ಬಡವರ ಮಕ್ಕಳು. ಸರಕಾರದ ಸಮಾಜಕಲ್ಯಾಣ ವಸತಿಶಾಲೆಗಳಲ್ಲಿ ಓದಿದವರು. ಪೂರ್ಣಾಳ ತಂದೆತಾಯಿಗಳು ಹೊಲದಲ್ಲಿ ದುಡಿಯುವ ಕೂಲಿಕಾರರು.

ಅದಾಗಿ ಹದಿನಾಲ್ಕು ದಿನ ಕಳೆಯಿತು. ಜೂನ್ 8ರ ಸಂಜೆ, ಇದೇ ಹೈದರಾಬಾದಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ಥಲೋಟ್ ಎಂಬಲ್ಲಿ ಪ್ರವಾಸದ ಬಸ್ಸನ್ನು ನಿಲ್ಲಿಸಿ ಬಿಯಾಸ್ ನದಿಯ ಪಾತ್ರಕ್ಕೆ ಇಳಿದರು. ನೀರು ಕಡಮೆಯಿತ್ತು. ಬಂಡೆಗಳ ಮೇಲೆ ನಿಂತು ಚಿತ್ರ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಅವರ ಮೇಲೆ ಬಂದೆರಗಿತು. 24 ಮಂದಿ ವಿದ್ಯಾರ್ಥಿಗಳೂ ಪ್ರವಾಸದ ವ್ಯವಸ್ಥೆಗೆಂದು ಜೊತೆಗೆ ಬಂದಿದ್ದ ಒಬ್ಬರೂ ಕೊಚ್ಚಿಹೋದರು. 2016ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯವು ಮೃತರ ಕುಟುಂಬಗಳಿಗೆ ಪರಿಹಾರವನ್ನು ವಿಧಿಸಿದಾಗ, ವಿದ್ಯುತ್ ಮಂಡಳಿಯನ್ನಷ್ಟೇ ಅಲ್ಲ, ರಾಜ್ಯ ಸರಕಾರವನ್ನೂ ಮಕ್ಕಳನ್ನು ಕರೆದೊಯ್ದ ಕಾಲೇಜನ್ನೂ ಹೊಣೆಯಲ್ಲಿ ಸೇರಿಸಿತು.

ವಿದ್ಯಾರ್ಥಿ ಮಿತ್ರರೆ, ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಎಂಟು ಸಾವಿರದ ಎಂಟುನೂರು ಮೀಟರಿಗೂ ಮಿಗಿಲಾದ ಎತ್ತರಕ್ಕೆ ಹೋದ ಹದಿಮೂರು ವರುಷದ ಬಾಲಿಕೆ ಕ್ಷೇಮವಾಗಿ ಹಿಂದಿರುಗಿದಳು. ಸಾಹಸವನ್ನೇ ಮಾಡದೆ, ಬಸ್ಸಿನಿಂದಿಳಿದು ದಂಡೆಯ ಕಲ್ಲಿನ ಮೇಲೆ ನಿಂತಿದ್ದ ತರುಣರು ಹಿಂದಿರುಗಲಿಲ್ಲ. ಹಾಗಾದರೆ ಅಪಾಯವು ಎತ್ತರದಲ್ಲಿದೆಯೆ, ನೀರಿನಲ್ಲಿದೆಯೆ, ಅಥವಾ ಮತ್ತೆಲ್ಲಿಯೋ ಇದೆಯೆ?

ಪೂರ್ಣಾ ಒಂದೇ ದಿನದಲ್ಲಿ ಎವರೆಸ್ಟಿಗೆ ಹೋದವಳಲ್ಲ. ನಮ್ಮ ನಗರದಿಂದ ಸುಮಾರು 50 ಕಿಲೋಮೀಟರ್ ದೂರದ ಭುವನಗಿರಿಯ ಬಂಡೆಯ ಮೇಲೆ ಆಕೆಯ ಅಭ್ಯಾಸ ಮೊದಲಾಯಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಅಲ್ಲಿ ಕೋಟೆ ಕಟ್ಟಿಸಿದನೆಂದೂ, ಅವನ ತ್ರಿಭುವನಮಲ್ಲ ಎಂಬ ಬಿರುದಿನಿಂದಲೇ ಆ ಗಿರಿಗೆ ಹೆಸರು ಬಂದಿತೆಂದೂ ಹೇಳುತ್ತಾರೆ. ಕನ್ನಡದ ಮಕ್ಕಳಾದ ನಮಗೆ ಅದು ಪರಸ್ಥಳವೇನೂ ಅಲ್ಲ. ಆ ಬಂಡೆಯ ಮೇಲೆ ಅನೇಕ ಮಕ್ಕಳನ್ನು ಹತ್ತಿಸಿ, ಅವರಲ್ಲಿ ಕೆಲವರನ್ನು ಆರಿಸಿ ದಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಗೆ ಕಳುಹಿಸಿ, ಮುಂದೆ ಲಡಾಖಿನ ಚಳಿಯಲ್ಲಿ ತಿದ್ದಿ, ಕೊನೆಗೆ ಇಬ್ಬರನ್ನು ಶಿಖರಕ್ಕೆ ಕಳುಹಿಸಿದರು. ಹತ್ತುವುದಕ್ಕೆ ಮುನ್ನ ಕಲಿತಿದ್ದರು, ಕಲಿಸುವವರು ಜೊತೆಯಲ್ಲಿದ್ದರು, ಅಪಾಯವು ಎದುರಿಗಿದೆಯೆಂದು ಎಲ್ಲರೂ ಅರಿತಿದ್ದರು. ಬಿಯಾಸ್ ದಂಡೆಯಲ್ಲಿ ಇದ್ದುದು ವಿಹಾರದ ಮನಸ್ಸು. ಮೇಲೆ ಅಣೆಕಟ್ಟಿದೆಯೆ, ನೀರು ಬಿಡುವ ಹೊತ್ತು ಯಾವುದು ಎಂದು ಕೇಳಬೇಕೆಂಬುದೇ ಅಲ್ಲಿ ಹೊಳೆಯಲಿಲ್ಲ. ನಾವು ಅವರನ್ನು ದೂಷಿಸುವವರಲ್ಲ. ಏಕೆಂದರೆ ಅದೇ ತಪ್ಪನ್ನು ನಾವೂ ಮಾಡಿದ್ದೇವೆ.

ನಾವು ಅಧ್ಯಾಪಕ ವೃತ್ತಿಗೆ ಸೇರಿದ ಹೊಸದರಲ್ಲಿ ಕೃಷ್ಣಾ ತೀರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಒಂದು ಶನಿವಾರ ಮೂವತ್ತೊಂದು ಮಂದಿ ಮಕ್ಕಳನ್ನು ವನಭೋಜನಕ್ಕೆಂದು ಹೊಳೆಗೆ ಕರೆದೊಯ್ದು, ಮಳೆಗಾಲ ಕಳೆದು ನೀರಿಳಿದಿದ್ದುದರಿಂದ ನಡುವಿನ ಹಾಸುಬಂಡೆಯ ಮೇಲೆ ಕುಳ್ಳಿರಿಸಿ ಪದ್ಯ ಹೇಳಿಸುತ್ತಿದ್ದೆವು. ದಂಡೆಯಿಂದ ಮೀನುಗಾರನೊಬ್ಬನು ಕೂಗಿ ಕೈಬೀಸಿದನು. ನಮಗೆ ಅದು ಆಟವೆನಿಸಿತು. ಅವನು ಎರಡನೆಯ ಸಲ ಕೂಗಿದಾಗ ನೋಡಿದೆವು: ಬರುವಾಗ ಹಿಮ್ಮಡಿ ಮುಳುಗುತ್ತಿದ್ದ ಕಡೆ ನೀರು ಮೊಳಕಾಲಿಗೆ ಬಂದಿತ್ತು. ಕೈಕೈ ಹಿಡಿದು ಮಕ್ಕಳನ್ನು ದಾಟಿಸುವ ಹೊತ್ತಿಗೆ ಅದು ಸಣ್ಣವರ ಸೊಂಟಕ್ಕೇರಿತ್ತು. ದಂಡೆಗೆ ಬಂದು ಎಣಿಸಿದೆವು, ಮೂವತ್ತು. ಮತ್ತೆ ಎಣಿಸಿದೆವು, ಮೂವತ್ತು. ಮೂವತ್ತೊಂದನೆಯವನನ್ನು ಆ ಮೀನುಗಾರನೇ ಹೆಗಲ ಮೇಲೆ ಹೊತ್ತು ತಂದನು. ಮೇಲಿನ ಕಟ್ಟೆಯಿಂದ ನೀರು ಬಿಡುವರೆಂದು ಹಿಂದಿನ ಸಂಜೆಯೇ ಊರಿನಲ್ಲಿ ಡಂಗುರ ಸಾರಿದ್ದರಂತೆ. ಊರಿಗೆಲ್ಲ ತಿಳಿದಿದ್ದುದು ಮೇಷ್ಟರಿಗೆ ತಿಳಿದಿರಲಿಲ್ಲ. ಮೇಷ್ಟರು ಯಾರನ್ನೂ ಕೇಳಿರಲಿಲ್ಲ.

ಆ ಬಳಿಕ ಆ ಶಾಲೆಯಲ್ಲಿ ಪ್ರವಾಸವೆಂಬ ಮಾತನ್ನೇ ನಿಲ್ಲಿಸಲಾಯಿತು. ನಾವು ತಲೆಬಾಗಿ ಒಪ್ಪಿದೆವು. ಆದರೆ ಹೊಳೆ ಅಲ್ಲಿಯೇ ಇತ್ತು, ಹುಡುಗರೂ ಅಲ್ಲಿಯೇ ಇದ್ದರು. ಅವರೊಡನೆ ಇಲ್ಲದೆ ಹೋದವರು ಅಧ್ಯಾಪಕರು ಮಾತ್ರ. ರಜೆಯ ದಿನಗಳಲ್ಲಿ ಅವರು ತಾವಾಗಿಯೇ ಹೋಗಿ ಈಜಿದರು. ನಿಷೇಧವು ಶಾಲೆಯನ್ನು ಕಾಪಾಡಿತೇ ಹೊರತು ಮಕ್ಕಳನ್ನಲ್ಲ. ಈ ನಗರದಲ್ಲಿಯೂ ಹಾಗೆಯೇ. ನಮ್ಮ ಸುತ್ತಮುತ್ತ ಕಲ್ಲು ತೆಗೆದ ಗುಂಡಿಗಳಲ್ಲಿ ಮಳೆನೀರು ತುಂಬಿ ನಿಂತಿರುತ್ತದೆ. ಭಾನುವಾರ ಅಲ್ಲಿಗೆ ಯಾರು ಯಾರು ಹೋಗುವರೆಂಬುದು ನಮಗೆ ತಿಳಿಯದೆಂದು ನಮ್ಮ ಏಳನೆಯ ತರಗತಿಯವರು ಭಾವಿಸಿದ್ದರೆ ಅದು ತಪ್ಪು.

ಇನ್ನು ನೀವು ಅರ್ಜಿಯಲ್ಲಿ ಬರೆದ ಆಟಗಳ ಮಾತು. ಹೊಳೆಯ ಸೆಳವಿನಲ್ಲಿ ತೆಪ್ಪ ನಡೆಸುವುದು ನಮ್ಮ ನಾಡಿಗೆ ಹೊಸದಲ್ಲ. ತುಂಗಭದ್ರೆಯಲ್ಲಿಯೂ ಕೃಷ್ಣೆಯಲ್ಲಿಯೂ ಹರಿಗೋಲು ತಲೆತಲಾಂತರದಿಂದ ತಿರುಗುತ್ತ ಬಂದಿದೆ. ಇಂದಿನ ರಾಫ್ಟಿಂಗ್ ಎಂಬ ಕ್ರೀಡೆಗೆ ಕರ್ನಾಟಕದಲ್ಲಿ ಹೆಸರಾದುದು ಉತ್ತರ ಕನ್ನಡದ ಕಾಳೀ ನದಿ. ದಾಂಡೇಲಿಗೆ ಸಮೀಪದ ಗಣೇಶಗುಡಿಯಲ್ಲಿ ತೆಪ್ಪಗಳು ನೀರಿಗಿಳಿಯುತ್ತವೆ. ಅದಕ್ಕೆ ಸ್ವಲ್ಪ ಮೇಲೆ ಸೂಪಾ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ಅಲ್ಲಿಂದ ಬಿಡುವ ನೀರೇ ಕೆಳಗಿನ ಆಟಕ್ಕೆ ಆಧಾರ. ಬಿಯಾಸಿನಲ್ಲಿ ಪ್ರಾಣ ತೆಗೆದುದೂ ಅಣೆಕಟ್ಟು ಬಿಟ್ಟ ನೀರು, ಕಾಳಿಯಲ್ಲಿ ತೆಪ್ಪವನ್ನು ತೇಲಿಸುವುದೂ ಅಣೆಕಟ್ಟು ಬಿಟ್ಟ ನೀರು. ಒಂದೆಡೆ ಅದು ಬರುವುದು ತಿಳಿದಿರಲಿಲ್ಲ, ಇನ್ನೊಂದೆಡೆ ತಿಳಿದು ಕಾದಿರುತ್ತಾರೆ, ಇಷ್ಟೇ ಅಂತರ.

ಹಗ್ಗ ಹಿಡಿದು ಜಲಪಾತಗಳ ಮಗ್ಗುಲಲ್ಲಿ ಇಳಿಯುತ್ತ, ಮಡುಗಳಿಗೆ ಹಾರುತ್ತ, ಕಂದರದ ಜೊತೆಯಲ್ಲಿಯೇ ಸಾಗುವ ಕ್ಯಾನಿಯನಿಂಗ್ ಎಂಬ ಕ್ರೀಡೆಯಾದರೋ ಇನ್ನೂ ಕಠಿನ. ಅದರಲ್ಲಿ ಎರಡು ಪಕ್ಕದಲ್ಲಿಯೂ ಕಲ್ಲಿನ ಗೋಡೆ. ನೀರು ಏರಿದರೆ ಓಡುವುದಕ್ಕೆ ದಂಡೆಯೇ ಇಲ್ಲ. ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಬಳಿಯ ಸಾಕ್ಸೆಟೆನ್ ಹಳ್ಳದಲ್ಲಿ 1999ನೆಯ ಇಸವಿ ಜುಲೈ 27ರಂದು ಮೇಲೆ ಗುಡುಗುಮಳೆ ಸುರಿದು, ಕೆಳಗೆ ಕಂದರದಲ್ಲಿದ್ದವರ ಮೇಲೆ ನೀರಿನ ಗೋಡೆಯೇ ನುಗ್ಗಿತು. 21 ಮಂದಿ ಮಡಿದರು. ಅವರಲ್ಲಿ ಮೂವರು ದಾರಿತೋರುವ ಮಾರ್ಗದರ್ಶಿಗಳು. ಅನುಭವವಿದ್ದವರನ್ನೂ ನೀರು ಬಿಡಲಿಲ್ಲ. ಆದರೆ ಆ ದೇಶದವರು ಕ್ರೀಡೆಯನ್ನೇ ಅಳಿಸಿಹಾಕಲಿಲ್ಲ. ನಡೆಸಿದವರಲ್ಲಿ ತಪ್ಪಿತಸ್ಥರನ್ನು ನ್ಯಾಯಾಲಯದಲ್ಲಿ ದಂಡಿಸಿದರು. ಅಪಾಯಕರ ಕ್ರೀಡೆಗಳನ್ನು ನಡೆಸುವವರು ಅನುಮತಿ ಪಡೆಯಬೇಕೆಂಬ ಕಾನೂನನ್ನು ಮಾಡಿ 2014ರಿಂದ ಜಾರಿಗೆ ತಂದರು. ನಿಷೇಧಕ್ಕೂ ಉದಾಸೀನಕ್ಕೂ ನಡುವೆ ಮೂರನೆಯ ದಾರಿಯೊಂದು ಉಂಟೆಂಬುದಕ್ಕೆ ಇದು ನಿದರ್ಶನ.

ನೀರಿನ ಬಲವನ್ನು ನಾವು ಅದರ ಆಳದಿಂದ ಅಳೆಯುತ್ತೇವೆ, ವೇಗದಿಂದ ಅಳೆಯಬೇಕು. ವೇಗ ಎರಡರಷ್ಟಾದರೆ ನೂಕುವ ಬಲ ನಾಲ್ಕರಷ್ಟಾಗುತ್ತದೆಂದು ನಿಮ್ಮ ವಿಜ್ಞಾನದ ಅಧ್ಯಾಪಕರು ಹೇಳುವರು. ಆದುದರಿಂದಲೇ ಮೊಳಕಾಲುದ್ದದ ನೀರೂ ಗಟ್ಟಿಮುಟ್ಟಾದ ಗಂಡಸನ್ನು ಕೆಡವಬಲ್ಲುದು. ಸೆಳವಿಗೆ ಸಿಕ್ಕವನು ಎದ್ದುನಿಲ್ಲಲು ಹೋಗಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಂಗಾತನಾಗಿ, ಪಾದಗಳನ್ನು ನೀರು ಹರಿಯುವ ಕಡೆಗೆ ಮುಂದೆ ಚಾಚಿ ತೇಲಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹೊಳೆಯ ತಲೆಯ ಮೇಲೆ ಮಳೆಯಿರಬಹುದು. ಈ ಪಾಠವನ್ನು ಹೈದರಾಬಾದು 1908ನೆಯ ಇಸವಿ ಸೆಪ್ಟೆಂಬರ್ 28ರಂದು ಸಾವಿರಾರು ಪ್ರಾಣಗಳನ್ನು ತೆತ್ತು ಕಲಿಯಿತು. ಅನಂತಗಿರಿಯ ಬೆಟ್ಟಗಳಿಂದ ಬರುವ ಮೂಸೀ ನದಿ ಅಂದು ನಗರವನ್ನೇ ಮುಳುಗಿಸಿತು. ಬಳಿಕ ನಿಜಾಮರ ಸರಕಾರ ಕರೆಸಿಕೊಂಡುದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ನಗರದೊಳಗೆ ಗೋಡೆ ಕಟ್ಟಿದರೆ ಸಾಕೆನ್ನಲಿಲ್ಲ; ಮೇಲಕ್ಕೆ ಹೋಗಿ ನೀರು ಎಲ್ಲಿಂದ ಬರುವುದೆಂದು ನೋಡಿ, ಅಲ್ಲಿ ಅದನ್ನು ತಡೆಯಬೇಕೆಂದರು. 1920ರಲ್ಲಿ ಮುಗಿದ ಉಸ್ಮಾನ್ ಸಾಗರವೂ 1927ರಲ್ಲಿ ಮುಗಿದ ಹಿಮಾಯತ್ ಸಾಗರವೂ ಆ ಆಲೋಚನೆಯ ಫಲ. ಹೊಳೆಗೆ ಇಳಿಯುವವನು ಮೇಲಕ್ಕೆ ನೋಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಗುರುವು ನಮಗೆ ಬೇಕೆ?

ಹಾಗಾದರೆ ಅರ್ಜಿಗೆ ನಮ್ಮ ಉತ್ತರವೇನು? ಹೋಗಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಈ ವರುಷ ಮೊದಲು ಪ್ರತಿಯೊಬ್ಬರೂ, ಹುಡುಗಿಯರೂ ತಪ್ಪದೆ, ಕಲಿಸುವವರ ಕೈಯಲ್ಲಿ ಈಜನ್ನು ಕಲಿಯಲಿ. ಚಳಿಗಾಲದಲ್ಲಿ ಒಂದು ದಿನ ಭುವನಗಿರಿಗೆ ಹೋಗಿ, ಶಿರಸ್ತ್ರಾಣ ಧರಿಸಿ, ಹಗ್ಗಕ್ಕೆ ಮೈಕೊಟ್ಟು ಬಂಡೆ ಹತ್ತುವುದನ್ನು ಅರಿತವರಿಂದ ಕಲಿಯೋಣ. ಕಾಳಿಯ ಸೆಳವು ಮುಂದಿನ ವರುಷಕ್ಕಿರಲಿ. ಈಜು ಬಂದವರಿಗೆ ಮಾತ್ರ, ತೇಲುವ ಕವಚ ತೊಟ್ಟವರಿಗೆ ಮಾತ್ರ. ಕಂದರದ ಆಟವು ನೀವು ಶಾಲೆ ಬಿಟ್ಟು ದೊಡ್ಡವರಾದ ಮೇಲಿನ ಮಾತು. ಹೊರಡುವ ಮುನ್ನ ಮೇಲೆ ಮಳೆಯುಂಟೆ, ಕಟ್ಟೆಯ ನೀರು ಎಷ್ಟು ಹೊತ್ತಿಗೆ, ತೆಪ್ಪ ಎಷ್ಟು ಜನರದು, ಮಾರ್ಗದರ್ಶಿ ಎಲ್ಲಿ ಕಲಿತವನು ಎಂಬುದನ್ನು ಅಧ್ಯಾಪಕರು ಕೇಳಬೇಕು. ಅಧ್ಯಾಪಕರು ಮರೆತರೆ ವಿದ್ಯಾರ್ಥಿಯೇ ಕೇಳಬೇಕು. ಅದು ಅವಿನಯವಲ್ಲ. ಹೆದರಿಕೆಯಾಗಿ ‘ಬೇಡ’ ಎಂದವನನ್ನು ಯಾರೂ ನಗಬಾರದು. ಹಣವಿಲ್ಲವೆಂಬ ಕಾರಣಕ್ಕೆ ಕಟ್ಟಡದ ಕೆಲಸಗಾರರ ಮಗುವೊಂದು ಹಿಂದುಳಿಯುವುದಾದರೆ ಅಂತಹ ಯಾತ್ರೆಯೇ ಬೇಡವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಪೂರ್ಣಾಳ ಮನೆಯಲ್ಲಿ ಹಣವಿರಲಿಲ್ಲವೆಂಬುದನ್ನು ಹಿರಿಯರು ನೆನೆಯಲಿ.

‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು’ ಎಂದು ಜನರು ಹೇಳುವುದುಂಟು. ಬೇರೆ ಕಡೆ ಅದು ನಿಜವಿರಬಹುದು, ಹೊಳೆಯಲ್ಲಿ ನಿಜವಲ್ಲ. ಇಳಿದ ಮೇಲೂ ಮಳೆಯನ್ನು ಕೇಳಬೇಕು, ಬೇಡವೆನಿಸಿದರೆ ಹಿಂದಿರುಗುವ ಧೈರ್ಯವೂ ಇರಬೇಕು.

ಸಭೆಯಲ್ಲಿ ಎದ್ದುನಿಂತ ಆ ತಾಯಿಯನ್ನು ಮತ್ತೆ ಕಂಡು ಇವೆಲ್ಲವನ್ನೂ ಹೇಳಿದೆವು. ಕೃಷ್ಣೆಯ ದಂಡೆಯಲ್ಲಿ ಮೂವತ್ತು ಎಣಿಸಿದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಮೊದಲ ಈಜು ಕಲಸ್ರಿ, ಆಮ್ಯಾಲ ಕೇಳ್ರಿ” ಎಂದರು. ನಮ್ಮ ಈ ದೀರ್ಘ ಲೇಖನದ ಸಾರವೆಲ್ಲ ಆ ಒಂದು ಮಾತಿನಲ್ಲಿಯೇ ಇದೆ. ವಿದ್ಯಾರ್ಥಿಗಳೆ, ಕಾಗುಣಿತವನ್ನು ತಿದ್ದಿ ಅರ್ಜಿಯನ್ನು ಮತ್ತೊಮ್ಮೆ ಬರೆದು ತನ್ನಿರಿ. ಈ ಸಲ ಅದರ ಕೆಳಗೆ ನಾವೂ ರುಜು ಹಾಕುತ್ತೇವೆ.